ಉದ್ದ ಕಾಯಿ, ಗುಂಡು ಕಾಯಿ

ಮೈಸೂರಿನ ಕಾಲೇಜಿಗೆ ಸೇರಿಕೊಳ್ಳಲು ಸೋಮವಾರ ಸಂಜೆ ನಾಲ್ಕು ಗಂಟೆಯೇ ಕೊನೆ. ಆ ಹೊತ್ತು ಮೀರಿದರೆ ಇಂಪನಾಳ ಸೀಟು ಪಟ್ಟಿಯಲ್ಲಿ ಅವಳ ಹಿಂದಿರುವ ಇನ್ಯಾರಿಗೋ ಹೋಗುತ್ತದೆ. ಇವತ್ತು ಶುಕ್ರವಾರ. ಗುಡ್ಡದಪಾಳ್ಯದಲ್ಲಿ ಶುಕ್ರವಾರವೆಂದರೆ ಗುಡ್ಡದಮ್ಮನ ಅಪ್ಪಣೆ ಕೇಳುವ ದಿನ. ಮೇಷ್ಟರು, ಡಾಕ್ಟರು, ಫೋನಿನೊಳಗಿನ ಗೂಗಲ್ಲು ಏನೇ ಹೇಳಲಿ, ಕೊನೆಯ ಮಾತು ಗುಡ್ಡದಮ್ಮನದೇ. ಬೋರು ಎಲ್ಲಿ ಕೊರೆಸಬೇಕು, ಹಸು ಇಟ್ಟುಕೊಳ್ಳಬೇಕೋ ಮಾರಬೇಕೋ, ಮುನಿಸಿಕೊಂಡು ಹೋದ ಸೊಸೆಯನ್ನು ಯಾವಾಗ ಕರೆತರಬೇಕು, ಇಂಥವಕ್ಕೆಲ್ಲ ಉತ್ತರ ಹೇಳಿ ಹೇಳಿ ಆ ತಾಯಿ ದಣಿದಿರಬೇಕು. ಈ ಸಲ ಅವಳ ಮುಂದೆ ಬಂದದ್ದು ಮಾತ್ರ ಹೊಸ ಬಗೆಯ ಪ್ರಶ್ನೆ. ಮುಂದೆ ಲಾ ಓದಬೇಕೆಂದಿರುವ ಹುಡುಗಿ ಈಗ ಬಿ.ಎ. ಎಲ್ಲಿ ಓದಬೇಕು?

ಅಮ್ಮನನ್ನು ಕೂರಿಸಿದ ಚಿಕ್ಕ ಪಲ್ಲಕ್ಕಿಗೆ ಊರಿನವರು ಅಡ್ಡೆ ಅನ್ನುತ್ತಾರೆ. ಅದಕ್ಕೆ ಇಬ್ಬರ ಹೆಗಲು ಬೇಕು. ಮುಂದಿನ ಹೆಗಲು ಇಂಪನಾಳ ಅಪ್ಪ ಪರಮೇಶನದು, ಹಿಂದಿನದು ಅವನ ಅಣ್ಣ ಮರುಳಸಿದ್ದಯ್ಯನದು. ಹತ್ತೊಂಬತ್ತು ವರ್ಷದಿಂದ ಇದೇ ಜೋಡಿ. ಸ್ವಂತ ಮನೆಯ ಪ್ರಶ್ನೆಗೆ ಸ್ವಂತದವರೇ ಅಡ್ಡೆ ಹೊರುವುದು ಸರಿಯೇ ಎಂದು ಕೋರ್ಟು ಕಂಡವರು ಕೇಳಬಹುದು. ಗುಡ್ಡದಪಾಳ್ಯದವರು ಕೇಳುವುದಿಲ್ಲ. ನಡೆಯುವವಳು ಅಮ್ಮ, ಹೊರುವವರದೇನಿದೆ? ಹೊರುವವನು ಕೈ ಸಡಿಲ ಬಿಟ್ಟರೆ ಸಾಕು. ಈ ಹತ್ತೊಂಬತ್ತು ವರ್ಷದಲ್ಲಿ ಪರಮೇಶ ಒಂದು ಸಲವೂ ಕೈ ಬಿಗಿ ಮಾಡಿದವನಲ್ಲ. ಅವನ ಬಾಳಿನಲ್ಲಿ ಎದೆ ತಟ್ಟಿಕೊಂಡು ಹೇಳಬಹುದಾದ ಸಂಗತಿ ಅದೊಂದೇ ಇತ್ತು.

ಇವತ್ತು ಅದನ್ನೂ ಕಳೆದುಕೊಳ್ಳಲು ಅವನು ಬೆಳಿಗ್ಗೆಯೇ ತೀರ್ಮಾನ ಮಾಡಿಕೊಂಡಿದ್ದ.

ಇಂಪನಾ ಪಿಯುಸಿಯಲ್ಲಿ ಒಳ್ಳೆಯ ಮಾರ್ಕು ತೆಗೆದವಳು. ಐದು ವರ್ಷದ ಲಾ ಕೋರ್ಸಿನ ಪ್ರವೇಶ ಪರೀಕ್ಷೆ ಬರೆದಳು, ರ‍್ಯಾಂಕು ಸಾಲಲಿಲ್ಲ. ಒಂದು ದಿನ ಅತ್ತಳು. ಮಾರನೆಯ ದಿನ ಮುಖ ತೊಳೆದು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಮೊದಲು ಡಿಗ್ರಿ, ಆಮೇಲೆ ಮೂರು ವರ್ಷದ ಲಾ ಎಂದು ಲೆಕ್ಕ ಹಾಕಿದಳು. ಆ ಫಲಿತಾಂಶಕ್ಕೆ ಕಾಯುತ್ತ ಕೂತಷ್ಟರಲ್ಲಿ ಹತ್ತಿರದ ತಿಪಟೂರಿನಲ್ಲಿ ಅವಳಿಗೆ ಬೇಕಾದ ವಿಷಯಗಳ ಸೀಟು ತುಂಬಿಹೋಗಿತ್ತು. ಮೈಸೂರಿನಲ್ಲಿ ಸಿಕ್ಕಿತು. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಇಂಗ್ಲಿಷು. ಕಾಲೇಜಿನ ಪಕ್ಕದಲ್ಲೇ ಹುಡುಗಿಯರ ಹಾಸ್ಟೆಲು. ಅಲ್ಲಿಂದ ಲಾ ಕಾಲೇಜಿಗೆ ಹೋದ ಹಿರಿಯ ವಿದ್ಯಾರ್ಥಿಗಳ ಹೆಸರುಗಳನ್ನೂ ಅವಳು ಬರೆದಿಟ್ಟುಕೊಂಡಿದ್ದಳು.

"ಲಾ ಓದ್ಲಿ, ಬ್ಯಾಡ ಅನ್ನಲ್ಲ ನಾನು," ಎಂದಿದ್ದ ಮರುಳಸಿದ್ದಯ್ಯ. ಮಕ್ಕಳಿಲ್ಲದ ಅವನಿಗೆ ಇಂಪನಾ ಎಂದರೆ ಪ್ರಾಣ. ಅವಳು ಸೈಕಲ್ ಕಲಿಯುವಾಗ ಬಿದ್ದರೆ ಇವನ ಮಂಡಿ ಉರಿಯುತ್ತಿತ್ತು. "ಆದ್ರೆ ಈಗ್ಲೇ ಯಾಕೆ ಊರು ಬುಡ್ಬೇಕು? ಹದಿನೆಂಟಕ್ಕೆ ಹಾಸ್ಟೆಲ್ ಅನ್ನ ತಿಂದು ಒಣಗ್ಬೇಕಾ ಮಗು? ಪೇಟೇಲಿ ಆ ಜೆರಾಕ್ಸ್ ಅಂಗಡಿ ಮ್ಯಾಲೆ ಸ್ಟಡಿ ಸೆಂಟರ್ ಐತಲ್ಲ, ಅಲ್ಲಿ ಫೀಸು ಕಟ್ಟಿದ್ರಾಯ್ತು. ಪರೀಕ್ಷೆಗೆ ಹೋಗಿ ಬರೆದು ಬಂದ್ರೆ ಡಿಗ್ರಿ ಕೊಡ್ತಾರೆ. ಆಮೇಲೆ ಲಾಗೆ ನಾನೇ ಕರ್ಕೊಂಡೋಗಿ ಸೇರಿಸ್ತೀನಿ."

"ದೊಡ್ಡಪ್ಪ, ಆ ಸೆಂಟರ್ ಯೂನಿವರ್ಸಿಟಿ ಹೆಸ್ರೇ ಮಾನ್ಯತೆ ಪಟ್ಟೀಲಿ ಇಲ್ಲ. ಫೋನಲ್ಲಿ ನೋಡ್ದೆ ನಾನು."

"ಫೋನಲ್ಲಿರೋದೆಲ್ಲ ನಿಜಾನೇನವ್ವ? ನಿಮ್ಮಪ್ಪ ಓದಿದ್ದೆಲ್ಲಿ? ಅದೇ ಸೆಂಟರು! ಅದೇ ಡಿಗ್ರಿ ಇಟ್ಕೊಂಡೋದ್ರೆ ಇವನಿಗೆ ಲಾ ಸೀಟು ಕೊಟ್ಟಿರ್ಲಿಲ್ವಾ? ಇವನಿಗೇ ಕೋರ್ಟು ಒಗ್ಗಲಿಲ್ಲ, ಬುಟ್ಟು ಬಂದ. ಕೇಳು ಬೇಕಾದ್ರೆ. ಎದುರಿಗೇ ಕೂತವ್ನೆ."

ಇಂಪನಾ ಅಪ್ಪನ ಮುಖ ನೋಡಿದ್ದಳು. ಪರಮೇಶ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿದ.

ನಿಜ ಬೇರೆಯೇ ಇತ್ತು, ಅದು ಅವನೊಬ್ಬನಿಗೇ ಗೊತ್ತಿತ್ತು. ಇಪ್ಪತ್ತೈದು ವರ್ಷದ ಹಿಂದೆ ಅವರಪ್ಪ ತೀರಿಕೊಂಡಾಗ ತೋಟಕ್ಕೆ ಎರಡು ಜೊತೆ ಕೈ ಬೇಕಾಗಿತ್ತು. ತಮ್ಮ ತೋಟದಲ್ಲೂ ಇರಲಿ, ಲಾಯರೂ ಆಗಲಿ ಎಂದು ಆಸೆಪಟ್ಟು ಆ ಸೆಂಟರನ್ನು ಹುಡುಕಿದವನು ಮರುಳಸಿದ್ದಯ್ಯನೇ. ಎಂಟನೆಯ ಕ್ಲಾಸಿಗೆ ಪುಸ್ತಕ ಮುಚ್ಚಿದ ಅಣ್ಣ ತಮ್ಮನಿಗಾಗಿ ಹುಡುಕಿದ ದಾರಿ ಅದು. ಡಿಗ್ರಿ ಬಂತು. ಅದನ್ನು ಹಿಡಿದು ಪರಮೇಶ ಲಾ ಕಾಲೇಜಿಗೆ ಹೋದ. ಕೌಂಟರಿನಾತ ಒಂದು ಪಟ್ಟಿಯ ಮೇಲೆ ಬೆರಳಾಡಿಸಿ, ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ ನೋಡಿ, ಕಾಗದ ಹಿಂದಕ್ಕೆ ತಳ್ಳಿದ. "ಇದು ನಡೆಯಲ್ಲ ಕಣಪ್ಪ. ಈ ಯೂನಿವರ್ಸಿಟಿಗೆ ಮಾನ್ಯತೆಯೇ ಇಲ್ಲ." ಅಷ್ಟೇ. ಮೂರು ವರ್ಷದ ಓದು ಅಷ್ಟರಲ್ಲಿ ಮುಗಿದುಹೋಯಿತು.

ಮನೆಗೆ ಬಂದವನು ನಿಜ ಹೇಳಲಿಲ್ಲ. ಹೇಳಿದ್ದರೆ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತುಬಿಡುತ್ತಿದ್ದ, ತಾನೇ ತಮ್ಮನ ಬಾಳು ಕೆಡಿಸಿದೆ ಎಂದು ಕೊರಗುತ್ತಿದ್ದ. "ಸೀಟು ಕೊಟ್ರು, ನಂಗೇ ಒಗ್ಗಲಿಲ್ಲ, ಬ್ಯಾಡ ಅಂದೆ" ಎಂದುಬಿಟ್ಟ. ಅಣ್ಣ ಎರಡು ತಿಂಗಳು ಬೈದ. ಆಮೇಲೆ ಅದೇ ಡಿಗ್ರಿಗೆ ಗಾಜು ಹಾಕಿಸಿ ಪಡಸಾಲೆಯಲ್ಲಿ, ಅಪ್ಪನ ಫೋಟೋದ ಪಕ್ಕದಲ್ಲೇ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿದ. ಹಬ್ಬ ಹಬ್ಬಕ್ಕೂ ಅದರ ಗಾಜು ಒರೆಸುವುದು ಅವನೇ. ಅಣ್ಣನ ಮನಸ್ಸು ಉಳಿಸಲು ಹೇಳಿದ ಆ ಒಂದು ಸುಳ್ಳು ಗೋಡೆಯ ಮೇಲೆ ಕೂತು ಈಗ ಮಗಳನ್ನು ನುಂಗಲು ಬಾಯಿ ತೆರೆದಿತ್ತು.

ಇವತ್ತಾದರೂ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈ ವಾರದಲ್ಲಿ ಅವನು ನಾಲ್ಕು ಸಲ ಬಾಯಿ ತೆರೆದ. ಒಂದು ಸಲ ತೋಟದಲ್ಲಿ, ಗರಿ ಎಳೆಯುತ್ತಿದ್ದಾಗ, "ಅಣ್ಣ, ಆ ಸೆಂಟರು..." ಎನ್ನುವವರೆಗೂ ಬಂದ. "ಏನ್ಲಾ?" ಎಂದು ಮರುಳಸಿದ್ದಯ್ಯ ಬೆವರು ಒರೆಸಿಕೊಂಡು ತಿರುಗಿದ. ಆ ಮುಖ ನೋಡಿ ಪರಮೇಶ ಮತ್ತೆ ಗರಿಗೆ ಕೈ ಹಾಕಿದ. "ಏನಿಲ್ಲ ಬುಡು" ಎಂದ. ಹೆಂಡತಿ ಅನಿತಾಳಿಗೂ ಹೇಳಲಿಲ್ಲ. "ನೀವೊಂದು ಮಾತು ಮೈಸೂರೇ ಸರಿ ಅನ್ರೀ, ನಿಮ್ಮ ಬಾಯಲ್ಲಿ ಬಂದ್ರೆ ಭಾವ ಕೇಳ್ತಾರೆ," ಎಂದು ಅವಳು ಮೂರು ದಿನದಿಂದ ಅಂಗಲಾಚುತ್ತಿದ್ದಳು. ಹೇಡಿಗೆ ದಾರಿ ಒಂದೇ ಉಳಿಯುತ್ತದೆ, ಕದ್ದು ಮಾಡುವುದು.

ಈ ಜಗ್ಗಾಟ ನೋಡಲಾರದೆ ಅವರ ತಾಯಿ ಹೊಂಬಾಳಮ್ಮ, "ಇಬ್ರೂ ಸುಮ್ನಿರಿ. ಅಮ್ಮನ್ನ ಕೇಳಾನ. ಅವಳು ಎತ್ತ ಅಂದ್ರೆ ಅತ್ತ" ಎಂದಳು. ಮನೆಯಲ್ಲಿ ಮುದುಕಿಯ ಮಾತಿಗೆ ಎದುರಿಲ್ಲ. ಇಂಪನಾಳೂ ಒಪ್ಪಿದಳು. ಒಪ್ಪದೆ ಬೇರೆ ದಾರಿ ಏನಿತ್ತು ಪಾಪ. ತಪ್ಪೊಪ್ಪಿದವಳ ಹಾಗೆ ನೋಟ್‌ಬುಕ್ಕು ಮುಚ್ಚಿಟ್ಟಳು.

ಅಪ್ಪಣೆ ಕೇಳುವ ಕ್ರಮ ಹೀಗೆ. ಕೇಳುವವರು ಎರಡು ತೆಂಗಿನಕಾಯಿ ತರುತ್ತಾರೆ. ಯಾವ ಕಾಯಿ ಯಾವುದಕ್ಕೆ ಎಂದು ಪೂಜಾರಿಯ ಕಿವಿಯಲ್ಲಿ ಮಾತ್ರ ಹೇಳುತ್ತಾರೆ. ಅಡ್ಡೆ ಹೊರುವವರು ಬೆನ್ನು ತಿರುಗಿಸಿ ನಿಂತಿರುವಾಗ ಪೂಜಾರಿ ಎರಡು ಕಾಯಿಯನ್ನೂ ಎರಡು ಮಣೆಯ ಮೇಲೆ ದೂರ ದೂರ ಇಡುತ್ತಾನೆ. ಆಮೇಲೆ ಅಡ್ಡೆ ಹೆಗಲೇರುತ್ತದೆ. ಅಮ್ಮ ಯಾವ ಕಾಯಿಯ ಮೇಲೆ ಬಾಗುತ್ತಾಳೋ ಅದೇ ಉತ್ತರ. ಆ ಕಾಯಿಯನ್ನು ಅಲ್ಲೇ ಒಡೆಯುತ್ತಾರೆ, ಇನ್ನೊಂದು ಮನೆಗೆ ವಾಪಸ್ಸು. ಕೇಳಿದ್ದನ್ನೇ ಮತ್ತೆ ಒಂದು ವರ್ಷ ಕೇಳುವ ಹಾಗಿಲ್ಲ. ಹೊರುವವರಿಗೆ ಯಾವ ಕಾಯಿ ಯಾವುದೆಂದು ತಿಳಿಯಬಾರದೆಂದೇ ಹಿರಿಯರು ಇಷ್ಟೆಲ್ಲ ಕಟ್ಟು ಮಾಡಿಟ್ಟಿದ್ದು.

ಆದರೆ ಹಿರಿಯರು ಒಂದನ್ನು ಮರೆತಿದ್ದರು. ತೆಂಗು ಬೆಳೆಯುವವನಿಗೆ ತನ್ನ ಮರದ ಕಾಯಿ ಗೊತ್ತಾಗುತ್ತದೆ. ನೂರಾರು ಕಾಯಿಯ ರಾಶಿಯಲ್ಲಿ ಹಾಕಿದರೂ, ಸಿಪ್ಪೆ ಸುಲಿದು ಜುಟ್ಟು ಮಾತ್ರ ಬಿಟ್ಟರೂ, ಇದು ಇಂಥ ಮರದ್ದು ಎಂದು ಪರಮೇಶ ಹೇಳಬಲ್ಲ. ಮನೆ ಮುಂದಿನ ಮರದ ಕಾಯಿ ಉದ್ದ. ಅದು ಇಂಪನಾ ಹುಟ್ಟಿದ ವರ್ಷ ನೆಟ್ಟ ಮರ. ಕೆರೆ ಹಿಂದಿನ ತೋಟದ ಕಾಯಿ ಗುಂಡಗೆ. ಶುಕ್ರವಾರ ಬೆಳಿಗ್ಗೆ ಹೊಂಬಾಳಮ್ಮ ರಾಶಿಯ ಮುಂದೆ ಕೂತು ಒಂದು ಉದ್ದ ಕಾಯಿ, ಒಂದು ಗುಂಡು ಕಾಯಿ ಆರಿಸಿ ಮಡಿಲಿಗೆ ಹಾಕಿಕೊಂಡದ್ದನ್ನು ಅವನು ಕೊಟ್ಟಿಗೆಯ ಸಂದಿಯಿಂದ ನೋಡಿದ. ಅವ್ವನ ಬುದ್ಧಿ ಅವನಿಗೆ ಗೊತ್ತಿಲ್ಲವೇ? ಮನೆ ಮರದ ಕಾಯಿ ಮನೆಗೆ, ಹೊರಗಿನ ತೋಟದ ಕಾಯಿ ಹೊರಗೆ. ಹೋದ ವರ್ಷ ಮರುಳಸಿದ್ದಯ್ಯ ತಿಪಟೂರಿನಲ್ಲಿ ಮನೆ ಮಾಡಲೇ ಎಂದು ಕೇಳಿಸಿದಾಗಲೂ ಅವಳು ಹಾಗೇ ಹೇಳಿದ್ದಳಂತೆ.

ಹಾಗಾದರೆ ಗುಂಡು ಕಾಯಿ ಮೈಸೂರು. ಒಂದು ಸಲ, ಒಂದೇ ಒಂದು ಸಲ ಕೈ ಬಿಗಿ ಮಾಡಿದರೆ ಮಗಳು ಉಳಿಯುತ್ತಾಳೆ, ಅಣ್ಣನ ಗಾಜೂ ಉಳಿಯುತ್ತದೆ. ತಪ್ಪುಕಾಣಿಕೆ ಆಮೇಲೆ ಕಟ್ಟಿದರಾಯಿತು. ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟವನು ಬಿಸಿಲಿಗೆ ಹೋಗಿ ನಿಂತ. "ಯಾಕ್ಲಾ, ಜ್ವರವಾ?" ಎಂದು ಅಣ್ಣ ಹಣೆ ಮುಟ್ಟಿ ನೋಡಿದ.

ಗುಡಿಯ ಮುಂದೆ ಹದಿನೈದಿಪ್ಪತ್ತು ಜನ ಸೇರಿದ್ದರು. ಹೊಂಬಾಳಮ್ಮ ಪೂಜಾರಿ ಶ್ರೀರಂಗಯ್ಯನ ಕಿವಿಯಲ್ಲಿ ಏನೋ ಹೇಳಿದಳು. ಅಣ್ಣತಮ್ಮಂದಿರು ಬೆನ್ನು ತಿರುಗಿಸಿದರು. ಮತ್ತೆ ಈ ಕಡೆ ತಿರುಗಿದಾಗ ಎಡಗಡೆಯ ಮಣೆಯ ಮೇಲೆ ಉದ್ದ ಕಾಯಿ ಇತ್ತು, ಬಲಗಡೆಯದರ ಮೇಲೆ ಗುಂಡು ಕಾಯಿ. ಇಂಪನಾ ಕಂಬಕ್ಕೆ ಒರಗಿ ನಿಂತಿದ್ದಳು, ದುಪಟ್ಟಾದ ಅಂಚನ್ನು ಕಚ್ಚಿಕೊಂಡು.

ಅಡ್ಡೆ ಹೆಗಲೇರಿತು. ಡೋಲು ಸದ್ದು ಮಾಡಿತು. ಸ್ವಲ್ಪ ಹೊತ್ತು ಅಮ್ಮ ನಿಂತಲ್ಲೇ ತೂಗಿದಳು. ಆಮೇಲೆ ಪರಮೇಶನಿಗೆ ಹೆಗಲಲ್ಲಿ ಆ ಗುರುತಿನ ಎಳೆತ ಗೊತ್ತಾಯಿತು, ಬಾವಿಯಲ್ಲಿ ಕೊಡ ತುಂಬಿದಾಗ ಹಗ್ಗ ಬಿಗಿಯಾಗುವ ಹಾಗೆ. ಅದು ಎಡಕ್ಕೆ ಎಳೆಯುತ್ತಿತ್ತು. ಉದ್ದ ಕಾಯಿಯ ಕಡೆಗೆ.

ಬೇಡ ತಾಯಿ, ಅತ್ತ ಬೇಡ, ಎಂದುಕೊಂಡ ಅವನು. ಹೆಜ್ಜೆ ಊರಿದ. ಎಳೆತ ಜೋರಾಯಿತು. ಅವನು ಹಲ್ಲು ಕಚ್ಚಿ, ಎರಡು ಕೈಯಲ್ಲೂ ಬೊಂಬು ಬಿಗಿಹಿಡಿದು ಬಲಕ್ಕೆ ತಿರುಚಿದ. ನನ್ನ ಮಗಳನ್ನು ಬಿಡು ತಾಯಿ, ನನ್ನ ಕೈ ಬೇಕಾದರೆ ಸೇದಿಹೋಗಲಿ, ಅವಳನ್ನು ಬಿಟ್ಟುಬಿಡು. ಅಡ್ಡೆ ಎಡಕ್ಕೂ ಬಲಕ್ಕೂ ಒದ್ದಾಡಿತು. ಹಿಂದೆ ಅಣ್ಣ ಮುಗ್ಗರಿಸಿ ಸಾವರಿಸಿಕೊಂಡದ್ದು ಗೊತ್ತಾಯಿತು. ಅಮ್ಮ ಬಹಳ ಉಗ್ರವಾಗವಳೆ ಎಂದು ಯಾರೋ ಕೈ ಮುಗಿದರು. ಪರಮೇಶ ತಾನು ಹೊತ್ತ ದೇವರೊಂದಿಗೇ ಗುದ್ದಾಡುತ್ತ ಆರು ಹೆಜ್ಜೆ ಎಳೆದುಕೊಂಡು ಹೋಗಿ ಗುಂಡು ಕಾಯಿಯ ಮೇಲೆ ಅಡ್ಡೆ ಬಾಗಿಸಿದ.

ಡೋಲು ನಿಂತಿತು. ಶ್ರೀರಂಗಯ್ಯ ಗುಂಡು ಕಾಯಿಯನ್ನು ಎತ್ತಿ ಹಿಡಿದ.

"ಅಮ್ಮನ ಅಪ್ಪಣೆ ಆಯ್ತು. ಮಗು ಮನೇಲೇ ಇದ್ದು ಓದ್ಲಿ."

ಪರಮೇಶನಿಗೆ ಮೊದಲು ಅರ್ಥವಾಗಲಿಲ್ಲ. ಇಂಪನಾ ಕಂಬದ ಬುಡದಲ್ಲಿ ಕುಸಿದು ಕೂತಾಗ ಅರ್ಥವಾಯಿತು. ಅನಿತಾ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಅವ್ವ," ಎಂದ ಅವನು. ಅಡ್ಡೆ ಇನ್ನೂ ಹೆಗಲ ಮೇಲೇ ಇತ್ತು. "ಗುಂಡು ಕಾಯಿ ತೋಟದ್ದಲ್ವಾ? ಹೊರಗಿನ್ದು?"

"ಹೂಂ ಕಣಪ್ಪ, ತೋಟದ್ದೇ. ಅದನ್ನ ಈ ಊರಿಗೆ ಅಂತ ಇಟ್ಟೆ." ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಉದ್ದ ಕಾಯಿ ಮಗೂದು. ಅವಳ ಜೊತೆಗೇ ಹುಟ್ಟಿದ ಮರದ್ದು. ಅಷ್ಟು ದೂರ ಹೋಗೋದಾದ್ರೆ ಮನೆ ಕಾಯಿ ಜೊತೇಲಿರ್ಲಿ ಅಂತ ಮೈಸೂರಿಗೆ ಅಂದೆ. ಅಮ್ಮ ಒಪ್ಪಲಿಲ್ವಲ್ಲ."

ಅಮ್ಮ ಒಪ್ಪಿದ್ದಳು. ಮೊದಲ ಎಳೆತಕ್ಕೇ ಒಪ್ಪಿದ್ದಳು. ಕೈ ಸಡಿಲ ಬಿಟ್ಟಿದ್ದರೆ ಸಾಕಿತ್ತು. ಹತ್ತೊಂಬತ್ತು ವರ್ಷ ಮಾಡಿದ್ದನ್ನೇ ಇನ್ನೊಂದು ಸಲ ಮಾಡಿದ್ದರೆ ಮಗಳು ಸೋಮವಾರ ಬಸ್ಸು ಹತ್ತುತ್ತಿದ್ದಳು. ಶ್ರೀರಂಗಯ್ಯ ಕಾಯಿ ಒಡೆಯಲು ಕೈ ಎತ್ತಿದ್ದ.

"ಒಡೀಬೇಡ ಶ್ರೀರಂಗಯ್ಯ! ನಾನು ತಳ್ಳಿದೆ. ಅಮ್ಮ ಬರಲಿಲ್ಲ ಇತ್ತ, ನಾನು ಎಳ್ಕೊಂಡು ಬಂದೆ."

ಅಡ್ಡೆಯನ್ನು ಕಟ್ಟೆಯ ಮೇಲಿಳಿಸಿದರು. ಪರಮೇಶ ನೆಲದ ಮೇಲೆ ಕೂತು ಎಲ್ಲ ಹೇಳಿದ, ಕೊಟ್ಟಿಗೆಯ ಸಂದಿಯಿಂದ ನೋಡಿದ್ದರಿಂದ ಹಿಡಿದು. ಯಾಕೆ ತಳ್ಳಿದೆ ಎಂದು ಶ್ರೀರಂಗಯ್ಯ ಕೇಳಿದ. ಆಗ ಸೆಂಟರಿನ ಮಾತೂ ಹೇಳಲೇಬೇಕಾಯಿತು. ತಲೆ ಎತ್ತದೆ ಹೇಳಿದ. "ಲಾ ಕಾಲೇಜ್ನೋರು ಸೀಟು ಕೊಡ್ಲಿಲ್ಲ ಅಣ್ಣ. ಆ ಡಿಗ್ರಿ ನಡೆಯಲ್ಲ ಅಂದ್ರು. ನೀನು ನೊಂದ್ಕೋತೀಯ ಅಂತ ಸುಳ್ಳು ಹೇಳ್ದೆ. ಇಂಪನಾ ಅಲ್ಲಿಗೆ ಸೇರಿದ್ರೆ ಅವಳ್ದೂ ಹಂಗೇ ಆಯ್ತದೆ."

ಮರುಳಸಿದ್ದಯ್ಯ ಗುಡಿಯ ಗೋಡೆಯತ್ತ ಸರಿದ.

ಜನ ಎರಡು ಪಾಲಾದರು. ಸುಳ್ಳುಗಾರನ ಮಾತು ಕಟ್ಟಿಕೊಂಡು ಅಪ್ಪಣೆ ತಿರುಗಿಸುವುದುಂಟೇ ಎಂದರು ಕೆಲವರು. ಇಷ್ಟು ವರ್ಷದ ಅಪ್ಪಣೆಗಳ ಗತಿಯೇನು ಎಂದು ಒಬ್ಬ ಕೂಗಿದ, ಅವನು ಅಮ್ಮನ ಮಾತು ಕೇಳಿ ಮಗಳನ್ನು ಕೊಟ್ಟವನು. "ನಮ್ ವಿಷಯಕ್ಕೂ ತಳ್ಳಿದ್ಯೇನಯ್ಯಾ?" ಇಲ್ಲ, ಅಮ್ಮನಾಣೆ ಇಲ್ಲ, ಎಂದ ಪರಮೇಶ. ಆದರೆ ಇನ್ನು ಅವನ ಆಣೆಗೆ ಬೆಲೆ ಕೊಡುವವರು ಯಾರು? ಹತ್ತೊಂಬತ್ತು ವರ್ಷದ ನಿಯತ್ತು ಆರು ಹೆಜ್ಜೆಯಲ್ಲಿ ಹೋಗಿತ್ತು. ಮಗಳಾದರೂ ಉಳಿದಿದ್ದರೆ ಅದಕ್ಕೊಂದು ಅರ್ಥವಿರುತ್ತಿತ್ತು.

ಆಗ ಇಂಪನಾ ಎದ್ದು ಬಂದಳು. ಮುಖ ಅತ್ತು ಊದಿಕೊಂಡಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಅಡ್ಡೆ ಹೊತ್ತೋರು ಇಬ್ರಲ್ವಾ? ಅಪ್ಪನ್ನ ಬಿಡಿ. ದೊಡ್ಡಪ್ಪನ್ನ ಕೇಳಿ."

ಎಲ್ಲರ ಕಣ್ಣೂ ಮರುಳಸಿದ್ದಯ್ಯನ ಕಡೆ ತಿರುಗಿದವು. ಅವನು ಗುಡಿಯ ಗೋಡೆ ಹಿಡಿದು ನಿಂತಿದ್ದ. ಹುಡುಗಿ ಊರಲ್ಲೇ ಇರಬೇಕೆಂದು ಹಟ ಹಿಡಿದವನು ಅವನೇ. ಈಗ ನನಗೇನೂ ಗೊತ್ತಾಗಲಿಲ್ಲ ಎಂದರೆ ಸಾಕು, ಗುಂಡು ಕಾಯಿ ಒಡೆಯುತ್ತದೆ. ಇಪ್ಪತ್ತೆರಡು ವರ್ಷ ತನ್ನನ್ನು ಕತ್ತಲಲ್ಲಿಟ್ಟ ತಮ್ಮನ ಮೇಲಿನ ಸಿಟ್ಟೂ ತೀರುತ್ತದೆ. ಪರಮೇಶ ಅಣ್ಣನ ಕಾಲುಗಳನ್ನೇ ನೋಡುತ್ತ ಕೂತ. ಮುಖ ನೋಡುವ ಧೈರ್ಯವಿರಲಿಲ್ಲ.

"ಮರುಳಸಿದ್ದಯ್ಯ," ಎಂದ ಶ್ರೀರಂಗಯ್ಯ. "ಅಮ್ಮನ ಮುಂದೆ ನಿಂತಿದೀಯ. ನಿನ್ನ ಹೆಗಲಿಗೆ ಏನು ಗೊತ್ತಾಯ್ತು?"

ಮರುಳಸಿದ್ದಯ್ಯ ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡ.

"ಎಡಕ್ಕೆ ಎಳೀತು. ಉದ್ದ ಕಾಯಿ ಕಡೀಕೆ. ಮೊದ್ಲಿಂದ್ಲೂ ಅತ್ಲಾಗೇ." ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಇವನು ಇನ್ಮ್ಯಾಲೆ ಅಡ್ಡೆ ಮುಟ್ಬಾರ್ದು."

ಅಷ್ಟು ಹೇಳಿ ಮನೆಗೆ ಹೊರಟುಹೋದ. ಶ್ರೀರಂಗಯ್ಯ ಗುಂಡು ಕಾಯಿ ಬದಿಗಿಟ್ಟು ಉದ್ದ ಕಾಯಿ ಒಡೆದ, ಮೈಸೂರಿಗೆ ಅಪ್ಪಣೆಯಾಯಿತು.

ಶನಿವಾರ, ಭಾನುವಾರ ಅಣ್ಣ ತಮ್ಮನೊಂದಿಗೆ ಒಂದು ಮಾತೂ ಆಡಲಿಲ್ಲ. ಪಡಸಾಲೆಯ ಗೋಡೆಯಲ್ಲಿ ಅಪ್ಪನ ಫೋಟೋದ ಪಕ್ಕ ಚೌಕಾಕಾರದ ಬಿಳಿ ಗುರುತು ಉಳಿದಿತ್ತು. ಗಾಜನ್ನು ಯಾವಾಗ ಇಳಿಸಿದ, ಎಲ್ಲಿಟ್ಟ, ಯಾರಿಗೂ ಗೊತ್ತಿಲ್ಲ. ಊಟಕ್ಕೆ ಕೂತಾಗ ಪರಮೇಶ ಆ ಗುರುತಿನ ಕಡೆ ನೋಡದ ಹಾಗೆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ. ಇಂಪನಾ ಬಟ್ಟೆ ಜೋಡಿಸಿಕೊಂಡಳು. ಅಪ್ಪನ ಹತ್ತಿರ ಬಂದು ಒಂದು ಸಲ ನಿಂತಳು, ಏನೋ ಕೇಳಬೇಕೆಂದು. ಕೇಳದೆ ಅವನ ಅಂಗಿಯ ಕಾಲರು ಸರಿಮಾಡಿ ಹೋದಳು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಸೋಮವಾರ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಅವಳನ್ನು ಕರೆದುಕೊಂಡು ಹೊರಟವನು ಮರುಳಸಿದ್ದಯ್ಯ. ನೀನು ಬಾ ಎಂದು ಯಾರೂ ಪರಮೇಶನಿಗೆ ಹೇಳಲಿಲ್ಲ. ಅವನು ಟ್ರಂಕು ಹೊತ್ತುಕೊಂಡು ಬಸ್‌ಸ್ಟಾಪಿನವರೆಗೆ ಹಿಂದೆ ಹಿಂದೆ ನಡೆದ. ಹೊಂಬಾಳಮ್ಮ ಉದ್ದ ಕಾಯಿಯ ಒಂದು ಹೋಳನ್ನು ಬಟ್ಟೆಯಲ್ಲಿ ಸುತ್ತಿ ಮೊಮ್ಮಗಳ ಚೀಲಕ್ಕೆ ತುರುಕಿದ್ದಳು.

ಬಸ್ಸು ಇನ್ನೂ ಬಂದಿರಲಿಲ್ಲ. ಮರುಳಸಿದ್ದಯ್ಯ ರಸ್ತೆಯ ಕಡೆಗೇ ನೋಡುತ್ತ ಕೇಳಿದ.

"ಅವತ್ತು ಆ ಕೌಂಟರ್ನೋನು ಏನಂದ? ಮೊದ್ಲಿಂದ ಹೇಳು. ಯಾವ ಪಟ್ಟಿ ನೋಡ್ದ, ಏನು ಕೇಳ್ದ, ಎಲ್ಲ. ಮೈಸೂರಲ್ಲಿ ನಾನು ಅದನ್ನೆಲ್ಲ ಕೇಳಿ ತಿಳ್ಕೊಂಡೇ ಮಗೂನ ಸೇರಿಸ್ಬೇಕು. ಇನ್ನೊಂದು ಸಲ ಮೋಸ ಹೋಗಕ್ಕೆ ನನ್ ಕೈಲಾಗಲ್ಲ."

ಪರಮೇಶ ಹೇಳಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಮೊದಲಿನಿಂದ. ಪಟ್ಟಿಯ ಮೇಲೆ ಬೆರಳು ಎರಡು ಸಲ ಆಡಿದ್ದು, ಹಿಂದೆ ನಿಂತವನು ಬೇಗ ಸರೀರಿ ಎಂದದ್ದು, ತಿಪಟೂರಿಗೆ ಬಂದಿಳಿದು ಮನೆಯಲ್ಲಿ ಏನು ಹೇಳುವುದೆಂದು ತೋಚದೆ ಬಸ್‌ಸ್ಟ್ಯಾಂಡಿನಲ್ಲಿ ಮೂರು ಗಂಟೆ ಕೂತದ್ದು, ಊರಿನ ಬಸ್ಸುಗಳು ಎರಡು ಬಂದು ಹೋದದ್ದು.

ಮರುಳಸಿದ್ದಯ್ಯ ಈಗ ತಮ್ಮನ ಕಡೆ ತಿರುಗಿದ.

"ಮೂರು ಗಂಟೆ ಒಬ್ನೇ ಕೂತಿದ್ಯೇನ್ಲಾ? ಮನೇಗೆ ಬಂದು ಹೇಳಿದ್ರೆ ನಾನೇನು ನಿನ್ನ ತಿಂದುಬುಡ್ತಿದ್ನಾ?"

ಬಸ್ಸು ಬಂದು ನಿಂತಿತು. ಮರುಳಸಿದ್ದಯ್ಯ ತಮ್ಮನ ಕೈಯಿಂದ ಟ್ರಂಕು ತೆಗೆದುಕೊಂಡು, ತನ್ನ ಹೆಗಲಿಗೆ ಏರಿಸಿಕೊಂಡು, ಇಂಪನಾಳನ್ನು ಮುಂದೆ ಹತ್ತಿಸಿ ತಾನೂ ಹತ್ತಿದ.